ಸೀರೆಗೆ ವಿವರಣೆ ಬರೆಯುವ ಮಾವ

ನನ್ನ ಸೋದರಮಾವನಿಗೆ ಬೈಯಲು ಬರುವುದಿಲ್ಲ ಎಂದು ಇಡೀ ದೇರೆಬೈಲು ನಂಬಿದೆ. ಪಾಪ, ಮಾವ ವೆಬ್‌ಸೈಟ್ ನೋಡುವಾಗ ಅವರ ಪಕ್ಕದಲ್ಲಿ ಯಾರೂ ಕೂತವರಲ್ಲ!

ಪುರೋಹಿತರ ಮನೆಯಲ್ಲಿ ಹುಟ್ಟಿದರೂ ಮಾವ ಮಡಿಯನ್ನು ಎಂದೋ ಬಿಟ್ಟವರು. ವೆಬ್‌ಸೈಟ್ ಕಟ್ಟುವ ಕೆಲಸಕ್ಕೆ ಇಳಿದ ಮೇಲೆ ಅಷ್ಟೂ ಮಡಿ ಅಲ್ಲಿಗೆ ಬಂದು ಸೇರಿತು. ಅದಕ್ಕೂ ಲೋಕವೆಲ್ಲ ಒಪ್ಪಿದ ನಿಯಮಗಳುಂಟಂತೆ. ಕಣ್ಣು ಕಾಣದವರೂ ಬಳಸುವಂತಿರಬೇಕಂತೆ. ಫೋನು ಓದಿ ಹೇಳಲು ಪ್ರತಿ ಚಿತ್ರಕ್ಕೂ ಒಂದು ವಿವರಣೆ ಇರಬೇಕಂತೆ.

ಒಮ್ಮೆ ನೆಂಟರೊಬ್ಬರು ಮಗಳ ಮದುವೆಗೆ ಕರೆಯೋಲೆಯ ಬದಲು ವೆಬ್‌ಸೈಟ್ ಕಳಿಸಿದರು. ಮಾವ ಅದನ್ನು ನೋಡಿದವರೇ ಅವರಿಗೆ ಫೋನು ಹಚ್ಚಿದರು.

“ಹಳದಿ ಮೇಲೆ ಬಿಳಿ ಅಕ್ಷರ! ಯಾರಿಗೆ ಕಾಣ್ತದೆ ಮಾರಾಯ?”

“ಅದಿರ್ಲಿ ಭಾವ, ಮದುವೆಗೆ ಬರ್ತೀರಲ್ಲ?”

“ಬರ್ತೇನೆ. ಎಲ್ಲಿಗೆ ಅಂತ ಕಂಡರೆ!”

ಇಂಥವರಿಗೆ ಕಂಕನಾಡಿಯ ಬಟ್ಟೆ ಅಂಗಡಿಯ ಹಾಜಿಯವರು ವೆಬ್‌ಸೈಟ್ ಮಾಡಿಕೊಡಲು ಹೇಳಿದರು. ಹಾಜಿಯವರಿಗೆ ಪುಟದ ತುಂಬ ಅಕ್ಷರಗಳು ಮಿನುಗಬೇಕೆಂದು ಆಸೆ. ಮಾವ ಬಿಲ್‌ಕುಲ್ ಒಪ್ಪಲಿಲ್ಲ.

“ಮಿನುಗಿದ್ರೆ ಕೆಲವರಿಗೆ ತಲೆ ತಿರುಗ್ತದೆ, ಹಾಜ್ಯಾರೆ.”

“ಎಂತ ಭಟ್ರೇ, ನನ್ನ ರೇಟು ನೋಡಿದ್ರೂ ತಿರುಗ್ತದೆ!”

ಅಲ್ಲಿಗೆ ಮುಗಿಯಿತೇ? ಎಲ್ಲಿಂದ! ಒಂದೊಂದು ಸೀರೆಗೂ ವಿವರಣೆ ಆಗಬೇಕಲ್ಲ! ‘ನೀಲಿ ಸೀರೆ’ ಎಂದು ಬರೆದರೆ ಸಾಕೆಂದರು ಹಾಜಿಯವರು. “ಎಂತ ನೀಲಿ?” ಎಂದರು ಮಾವ. ಕೂಳೂರು ಸೇತುವೆ ಮೇಲಿಂದ ಸಂಜೆ ಕಾಣುವ ಹೊಳೆಯ ನೀಲಿ ಎಂದು ಅವರೇ ತೀರ್ಮಾನಿಸಿದರು. “ಅದು ಬೂದಿ ಬಣ್ಣ ಮಾರಾಯ್ರೆ!” ಎಂದು ಹಾಜಿಯವರು ಕೂಗಿದರು. ಇಬ್ಬರ ಜಗಳ ಕೇಳಿ, ಸೀರೆ ಕೊಳ್ಳಲು ಬಂದವರು ಚಹಾ ಮಾತ್ರ ಕುಡಿದು ಹೋದರು.

ಅಮ್ಮ, ಅಂದರೆ ಮಾವನ ಅಕ್ಕ, ಒಂದು ಕಾಲದಲ್ಲಿ ಅಂಗಡಿಯ ಕಪಾಟನ್ನೆಲ್ಲ ಇಳಿಸಿ, ಒಂದು ಸೀರೆಯೂ ಒಪ್ಪದೆ ಎದ್ದು ಬರುತ್ತಿದ್ದವಳು. ಕಣ್ಣು ಮಂಜಾಗುತ್ತ ಬಂದು, ಈಗ ಅವಳಿಗೆ ಬೆಳಕು ಮಾತ್ರ ತಿಳಿಯುತ್ತದೆ. ಸೀರೆಯ ಮಾತೆತ್ತಿದರೆ, “ನಿಮಗೆ ಕಂಡದ್ದು ತನ್ನಿ” ಎಂದುಬಿಡುತ್ತಿದ್ದಳು.

ಹಾಜಿಯವರ ವೆಬ್‌ಸೈಟ್ ಶುರುವಾದ ವಾರ ನಾನು ಅವಳ ಕೈಗೆ ಫೋನು ಕೊಟ್ಟೆ. ಅದು ಒಂದೊಂದೇ ಸೀರೆಯ ವಿವರಣೆ ಓದತೊಡಗಿತು. ಅಮ್ಮ ಫೋನನ್ನು ಕಿವಿಯ ಹತ್ತಿರ ಹಿಡಿದಳು. ಆಮೇಲೆ, “ಇದು ಬೇಡ, ಅಂಚು ಅಗಲ ಆಯ್ತು” ಎಂದಳು. ಇನ್ನೊಂದಕ್ಕೆ, “ಛೆ, ಈ ವಯಸ್ಸಿಗೆ ಗುಲಾಬಿಯಾ?” ಎಂದಳು. ಊಟದ ಹೊತ್ತು ಮೀರಿದರೂ ಏಳಲಿಲ್ಲ! ಕೊನೆಗೆ ಗಿಳಿಹಸಿರಿನದೊಂದನ್ನು ಆರಿಸಿದಳು, ತಾನೇ.

ಸೀರೆಯನ್ನು ಮಾವನೇ ತಂದರು. ಅಮ್ಮ ಅದನ್ನು ಬಿಡಿಸಿ ಮಡಿಲಲ್ಲಿ ಹರಡಿಕೊಂಡಳು.

“ಸೆರಗಿನ ಬಗ್ಗೆ ನೀನು ಎಂತದೂ ಬರೀಲಿಲ್ಲ” ಎಂದು ತಮ್ಮನನ್ನು ಗದರಿದಳು.

ನಿಯಮದ ವಿಷಯದಲ್ಲಿ ಯಾರಿಗೂ ಸೋಲದ ಮಾವ ಅವಳ ಪಕ್ಕದಲ್ಲಿ ನೆಲಕ್ಕೆ ಕೂತರು. ಸೆರಗಿನ ತುದಿ ಹುಡುಕಿ ಅವಳ ಬೆರಳಿಗೆ ತಾಗಿಸಿದರು.

“ಹೇಳು ಅಕ್ಕ. ನಾನು ಬರ್ಕೊಳ್ತೇನೆ.”