ಕೋಟೆ ಬೆಟ್ಟದ ಗುಮ್ಮನವರ ಕರ್ತವ್ಯಲೋಪದ ಕುರಿತು

ಗೆ,
ಶ್ರೀಮಾನ್ ಗುಮ್ಮನವರು,
ಖಾಯಂ ವಿಳಾಸ: ಕೋಟೆ ಬೆಟ್ಟದ ಪಾಳು ಕಣಜ, ಮಿಡಿಗೇಶಿ, ಮಧುಗಿರಿ ತಾಲ್ಲೂಕು.
ತಾತ್ಕಾಲಿಕ ವಿಳಾಸ: ನಮ್ಮ ಮನೆಯ ಅಟ್ಟ.

ಮಾನ್ಯರೇ,

ಮಕ್ಕಳ ಪಾಲಿಗೆ ಭಯಂಕರರೂ, ತಾಯಂದಿರ ಪಾಲಿಗೆ ಆಪದ್ಬಾಂಧವರೂ, ಸಂಬಳ ಸಾರಿಗೆ ಕೇಳದೆ ಮೂರು ತಲೆಮಾರಿನಿಂದ ನಮ್ಮ ಮನೆಯ ಸೇವೆಯಲ್ಲಿರುವವರೂ ಆದ ತಮ್ಮ ಪಾದಗಳಿಗೆ, ಪಾದಗಳಿವೆಯೋ ಇಲ್ಲವೋ ನಮ್ಮತ್ತೆಗೂ ಖಚಿತವಿಲ್ಲದಿದ್ದರೂ, ಸಾಷ್ಟಾಂಗ ನಮಸ್ಕಾರಗಳು. ನಾನು ಸರ್ವಮಂಗಳಾ. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ನಮ್ಮ ಸ್ತ್ರೀಶಕ್ತಿ ಸಂಘದ ಅರ್ಜಿಗಳನ್ನೆಲ್ಲ ಬರೆಯುವವಳೂ ನಾನೇ. ಬೀದಿದೀಪಕ್ಕೆ ಬರೆದಿದ್ದೇನೆ, ಚರಂಡಿಗೆ ಬರೆದಿದ್ದೇನೆ, ಒಂದಕ್ಕೂ ಉತ್ತರ ಬಂದಿಲ್ಲವಾದ್ದರಿಂದ ಉತ್ತರ ಕೊಡದವರಿಗೆ ಬರೆಯುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ತಾವು ಸುಮ್ಮನಿದ್ದರೂ ನನಗೆ ಬೇಜಾರಿಲ್ಲ.

ಮೊದಲಿಗೆ ತಮ್ಮ ಸೇವಾವ್ಯಾಪ್ತಿಯಲ್ಲಿರುವ ನಮ್ಮ ಮನೆಯ ಬೆಳಗನ್ನು ತಮ್ಮ ಅವಗಾಹನೆಗೆ ತರುತ್ತೇನೆ. ನಮ್ಮ ಯಜಮಾನರಾದ ಮುತ್ತುರಾಜ್ ಅವರು ಮಧುಗಿರಿಯ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದು, ಎಂಟು ಗಂಟೆಯ ಬಸ್ಸಿಗೆ ಏಳೂಮುಕ್ಕಾಲಿಗೆ ಸ್ನಾನಕ್ಕೆ ಇಳಿಯುತ್ತಾರೆ. ನಾಲ್ಕು ವರ್ಷದ ಮಗಳು ಯಶಸ್ವಿನಿ ಒಂದು ಜಡೆ ಹಾಕಿಸಿಕೊಂಡು ಇನ್ನೊಂದು ಜಡೆಯ ಹೊತ್ತಿಗೆ ಮಂಚದ ಕೆಳಗೆ ಸೇರಿರುತ್ತಾಳೆ. ಹತ್ತು ತಿಂಗಳ ಗಂಡುಮಗು, ಮುತ್ತಾತನ ಹೆಸರು ಹೊತ್ತ ಕದರಪ್ಪ, ಪೊರಕೆಯ ಕಡ್ಡಿಯನ್ನೋ ನನ್ನ ದಾರದ ಉಂಡೆಯನ್ನೋ ಬಾಯಲ್ಲಿಟ್ಟುಕೊಂಡು ಹೊಸ್ತಿಲು ದಾಟುತ್ತಿರುತ್ತಾನೆ. ಕುಕ್ಕರ್ ಕೂಗುವುದು, ಸ್ಕೂಲ್ ವ್ಯಾನಿನವನು ಬೀದಿ ತುದಿಯಲ್ಲಿ ಹಾರ್ನ್ ಒತ್ತುವುದು, ಯಜಮಾನರು ಬಚ್ಚಲಿನಿಂದ ಟವೆಲ್ ಎಂದು ಕಿರುಚುವುದು ಎಲ್ಲವೂ ಒಂದೇ ಗಳಿಗೆಯಲ್ಲಿ ನಡೆಯುವಾಗ, ಒಂದು ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು ಕಾಲು ಗಂಟೆಯಿಂದ ಸೂರು ನೋಡುತ್ತ ಕೂತಿರುವ ಮಗಳ ಮುಂದೆ ನಾನು ತಮ್ಮ ನಾಮಸ್ಮರಣೆ ಮಾಡುತ್ತೇನೆ. ದೇವರ ಹೆಸರನ್ನು ಅಷ್ಟು ಸಲ ಹೇಳಿದ್ದರೆ ಇಷ್ಟು ಹೊತ್ತಿಗೆ ಮೋಕ್ಷ ಸಿಗುತ್ತಿತ್ತು.

ತಮ್ಮ ಹಿಂದಿನ ಸೇವೆಯ ಬಗ್ಗೆ ನಮ್ಮತ್ತೆ ಕಮಲಾಕ್ಷಮ್ಮನವರಿಗೆ ಅಪಾರ ಗೌರವ. "ನಮ್ಮ ಮುತ್ತೂನ ಬೆಳೆಸಿದ್ದೇ ಗುಮ್ಮ ಕಣಮ್ಮ, ನಾನು ಬರೀ ಮುದ್ದೆ ಕಟ್ದೋಳು" ಎಂದು ಅವರು ಬಂದವರೆದುರಿಗೆಲ್ಲ ಹೇಳುತ್ತಾರೆ. ಗುಮ್ಮ ಅಂದರೆ ಸಾಕು, ಎರಡು ಮುದ್ದೆ ನುಂಗಿ ಕೈ ನೆಕ್ಕಿ ಏಳುತ್ತಿದ್ದರಂತೆ ನಮ್ಮ ಯಜಮಾನರು. ಇಂಥ ಘನ ದಾಖಲೆಯಿರುವ ತಾವು ನಮ್ಮ ಯಶುವಿನ ಕಾಲಕ್ಕೆ ಒಮ್ಮೆಯೂ ಹಾಜರಾಗದೆ, ಒಂದು ಕೆಮ್ಮನ್ನಾದರೂ ಕೆಮ್ಮದೆ, ಅಟ್ಟದ ಮೇಲೆ ಹಳೇ ತೊಟ್ಟಿಲ ಪಕ್ಕದಲ್ಲಿ ಸುಖವಾಗಿ ಮಲಗಿದ್ದೀರೆಂದರೆ ಯಾರಿಗೆ ಹೇಳಿಕೊಳ್ಳೋಣ?

ತಪ್ಪು ಪೂರ್ತಿ ತಮ್ಮದೇ ಎನ್ನಲಾರೆ. ನಮ್ಮ ಕಡೆಯಿಂದಲೂ ಆಡಳಿತಾತ್ಮಕ ಲೋಪಗಳಾಗಿವೆ. ತಾವು ಬೆಟ್ಟದ ಮೇಲೆ ಇದ್ದೀರೆಂದು ಅತ್ತೆ ಹೇಳಿದರೆ, ಅಟ್ಟದಲ್ಲಿದ್ದೀರೆಂದು ನಾನು ಹೇಳಿದೆ, ಕರೆಂಟ್ ಕಂಬದ ಮೇಲಿದ್ದೀರೆಂದು ಯಜಮಾನರು ಹೇಳಿದರು. ಸಾಲದ್ದಕ್ಕೆ ನಮ್ಮಮ್ಮ ಮುದ್ದಕ್ಕ, ಪಾವಗಡ ಕಡೆಯ ವಳ್ಳೂರಿನವರು, ಫೋನಿನಲ್ಲಿ ಮೊಮ್ಮಗಳಿಗೆ "ತಿನವೇ ಬಂಗಾರು, ಲೇಕಪೋತೆ ಬೂಚೋಡು ಒಚ್ಚಿ ಎತ್ತುಕುಪೋತಾಡು" ಎಂದು ತೆಲುಗಿನಲ್ಲಿ ಹೆದರಿಸಿ, ತಿನ್ನದವರನ್ನು ಎತ್ತಿಕೊಂಡು ಹೋಗುವ ಬೂಚೋಡು ಎಂಬ ಇನ್ನೊಬ್ಬ ಅಧಿಕಾರಿಯನ್ನು ತಮ್ಮ ತಾಲ್ಲೂಕಿನೊಳಗೆ ಬಿಟ್ಟರು. ಬೂಚೋಡು ಪಾವಗಡ ಬಸ್ಸಿನಲ್ಲಿ ಬರ್ತಾನಾ, ಗುಮ್ಮಂಗೆ ಅವನು ಏನಾಗಬೇಕು ಎಂದು ಮಗಳು ವಿಚಾರಣೆಗೆ ಕೂತಾಗ, ಅತ್ತೆಯವರು ಯೋಚಿಸದೆ "ದಾಯಾದಿಗಳು ಕಣವ್ವ" ಎಂದುಬಿಟ್ಟರು. ಸರಿ ಹೋಯಿತು. "ಅಂಗಾರೆ ಇಬ್ರೂ ಜಗಳ ಆಡ್ಕಳ್ಳಿ, ಅಷ್ಟೊತ್ತಿಗೆ ನಾನು ಆಟ ಆಡ್ಕಂಡು ಬತ್ತೀನಿ" ಎಂದು ಅವಳು ಎದ್ದು ಹೋದಳು. ದಾಯಾದಿಗಳ ಜಗಳ ಬೇಗ ಮುಗಿಯುವುದಿಲ್ಲವೆಂಬುದು ನಮ್ಮೂರಿನ ನಾಲ್ಕು ವರ್ಷದ ಮಕ್ಕಳಿಗೂ ಗೊತ್ತು.

ಇಷ್ಟಾದರೂ ನಾನು ತಮ್ಮನ್ನು ಕೈಬಿಡಲಿಲ್ಲ. ಅತ್ತೆಯವರೇ ಬೆದರಿಕೆಗೊಂದು ತಿದ್ದುಪಡಿ ತಂದರು: "ನೀನು ತಿನ್ನದೆ ಹೋದ್ರೆ ನಿನ್ ಊಟನೆಲ್ಲ ಗುಮ್ಮ ತಿಂದ್ಬುಡ್ತಾನೆ." ಮಗಳು ಅಗಿಯುವುದನ್ನು ನಿಲ್ಲಿಸಿದಳು. ಅಟ್ಟದ ಕಡೆ ನೋಡಿ, "ಗುಮ್ಮಂಗೆ ಯಾರೂ ಊಟ ಇಕ್ಕಲ್ವಾ? ಅವ್ನಿಗೆ ಅಮ್ಮ ಇಲ್ವಾ?" ಎಂದಳು. ಮಾನ್ಯರೇ, ಮೂರು ತಲೆಮಾರಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಅಂದಿನಿಂದ ತಮಗೆ ನಮ್ಮ ಮನೆಯಲ್ಲಿ ಊಟ ಶುರುವಾಯಿತು. ಅರ್ಧ ಮುದ್ದೆ, ಎರಡು ತುಂಡು ದೋಸೆ, ಒಂದು ಸಲ ಬಸ್ಸಾರಿನಲ್ಲಿ ಅದ್ದಿದ ಅನ್ನದ ಉಂಡೆ, ಎಲ್ಲವೂ ನನ್ನ ಕಣ್ಣು ತಪ್ಪಿಸಿ ಅಟ್ಟದ ಏಣಿಯ ಕೆಳಗೆ ಹೋಗತೊಡಗಿದವು. ನಾನು ಖಾಲಿ ತಟ್ಟೆ ನೋಡಿ ಗುಮ್ಮನ ಮಹಿಮೆ ಎಂದು ಹಿಗ್ಗಿದೆ. ಅಂಬೆಗಾಲಿಡುವ ಕದರಪ್ಪ ದಿನಾ ಆ ಕಡೆಗೇ ಯಾಕೆ ಹೋಗುತ್ತಾನೆಂದು ನನಗೆ ಹೊಳೆಯಲಿಲ್ಲ. ಅವನು ತಮ್ಮ ಪಾಲನ್ನು ಶ್ರದ್ಧೆಯಿಂದ ತಿಂದು ಮುಗಿಸುತ್ತಿದ್ದ, ಸಂಜೆ ಅಕ್ಕ ಬಂದು ನೋಡಿ "ಗುಮ್ಮ ತಿಂದ" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡಿದ ದಿನ ತಮ್ಮನ ಕಾರ್ಡಿನಲ್ಲಿ ಗೆರೆ ಏರಿತ್ತು, ಅಕ್ಕನದು ಇಳಿದಿತ್ತು. ತೂಕ ಬರೆದುಕೊಂಡ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮ, ಹೆಣ್ಣುಮಗೀಗೆ ಊಟ ಇಕ್ಕಲ್ವಾ?" ಎಂದು ನಾಲ್ಕು ಜನರ ಮುಂದೆ ಕೇಳಿದರು. ದಿನಕ್ಕೆ ಮೂರು ಹೊತ್ತು ಗಂಟಲು ಹರಿದುಕೊಳ್ಳುವವಳಿಗೆ ಆ ಮಾತು ಎಲ್ಲಿ ಚುಚ್ಚಿತೆಂದು ಹೇಳಿ ಪ್ರಯೋಜನವಿಲ್ಲ. ಮನೆಗೆ ಬಂದು, ಏಣಿಯ ಕೆಳಗೆ ಕದರಪ್ಪ ಅಕ್ಕನ ಮುದ್ದೆ ಮುಕ್ಕುತ್ತಿದ್ದುದನ್ನು ಕಣ್ಣಾರೆ ಕಂಡವಳೇ ನಿರ್ಧರಿಸಿದೆ: ಈ ಮಗು ಇನ್ನು ಮುಂದೆ ನನ್ನೆದುರಿಗೇ, ಕೊನೇ ಅಗುಳಿನ ತನಕ ತಿಂದೇ ಏಳಬೇಕು.

ಅದರ ನಂತರದ ಭಾನುವಾರವೇ ಈ ಪತ್ರಕ್ಕೆ ಕಾರಣ. ಯಜಮಾನರು ಕಟಿಂಗ್ ಶಾಪಿಗೆ ಹೋಗಿದ್ದರು. ಅತ್ತೆ ಕದರಪ್ಪನನ್ನು ಮಲಗಿಸುತ್ತ ತಾವೇ ತೂಕಡಿಸುತ್ತಿದ್ದರು. ನಾನು ಮಧ್ಯಾಹ್ನ ಕೊಡಬೇಕಾದ ರವಿಕೆಯ ತೋಳು ಹೊಲಿಯುತ್ತಿದ್ದೆ, ಮಗಳು ಚಿತ್ರಾನ್ನದಲ್ಲಿನ ಕಡಲೆಬೀಜಗಳನ್ನೆಲ್ಲ ಆರಿಸಿ ತಿಂದು ಅನ್ನದಿಂದ ತಟ್ಟೆಯ ಅಂಚಿಗೆ ಗೋಡೆ ಕಟ್ಟುತ್ತಿದ್ದಳು. ಮುಕ್ಕಾಲು ಗಂಟೆ ನೋಡಿದೆ. ಹಾಳಾದ್ದು, ದಾರವೂ ಅದೇ ಹೊತ್ತಿಗೆ ಕಿತ್ತುಹೋಯಿತು. "ತಿನ್ಬ್ಯಾಡ ಹೋಗೇ! ಬೆಟ್ಟದ ಮ್ಯಾಲೆ ಗುಮ್ಮ ಹಸ್ಕಂಡು ಕುಂತವ್ನೆ, ತಗಂಡೋಗಿ ಅವ್ನಿಗೇ ಕೊಟ್ಬುಡು!" ಎಂದು ಕಿರುಚಿ, ತಲೆ ತಗ್ಗಿಸಿ ಮತ್ತೆ ಮಿಷನ್ ತುಳಿದೆ.

ಹುಟ್ಟಿದಾಗಿನಿಂದ ಆ ಮಗು ನನ್ನ ಮಾತನ್ನು ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು.

ತೋಳು ಮುಗಿದು ಮಿಷನ್ ನಿಂತಾಗ ಮನೆ ನಿಶ್ಶಬ್ದವಾಗಿತ್ತು. ಚಿಕ್ಕ ಮಕ್ಕಳಿರುವ ಮನೆ ನಿಶ್ಶಬ್ದವಾಯಿತೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ತಟ್ಟೆ ಖಾಲಿಯಿತ್ತು, ಏಣಿಯ ಕೆಳಗೆ ಏನೂ ಇರಲಿಲ್ಲ, ಸ್ಕೂಲ್ ಬ್ಯಾಗಿನಲ್ಲಿ ಹಸಿರು ಮುಚ್ಚಳದ ಡಬ್ಬಿ ಇರಲಿಲ್ಲ. ಆಗ ನಾನು ಹೇಳಿದ ಮಾತು ನನಗೇ ಕೇಳಿಸಿತು. ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡು ಬರಿಗಾಲಲ್ಲಿ ಬೆಟ್ಟದ ಕಡೆ ಓಡಿದೆ. ದಾರಿಯಲ್ಲಿ ಕಟ್ಟೆ ಒಡೆದ ಬಾವಿಯಿದೆ, ತಮಗೆ ಗೊತ್ತಿರಬೇಕು, ತಮ್ಮ ನೆರೆಯದೇ. ಅದಕ್ಕೆ ಬೇಲಿ ಹಾಕಿಸಿ ಎಂದು ಎರಡು ಅರ್ಜಿ ಬರೆದವಳು ನಾನೇ. ಅದರೊಳಗೆ ಬಗ್ಗಿ ನೋಡುವ ಧೈರ್ಯ ನನಗಿರಲಿಲ್ಲ, ಆದರೂ ನೋಡಿದೆ. ಮುಳ್ಳುಕಂಟಿ, ಒಂದು ಹಳೇ ಚೀಲ, ತಳದಲ್ಲಿ ಒಂದಿಷ್ಟು ಹಸಿರು ನೀರು. ಯಶೂ ಎಂದು ಕೂಗಿದರೆ ನನ್ನ ಧ್ವನಿಯೇ ವಾಪಸ್ ಬಂತು. ಮಾನ್ಯರೇ, ಅಷ್ಟೊಂದು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಬೆಟ್ಟದ ಮೂರನೇ ಮೆಟ್ಟಿಲಿನ ಮೇಲೆ ಅವಳಿದ್ದಳು. ಪಕ್ಕದಲ್ಲಿ ಮೇಕೆ ಮೇಯಿಸುವ ಓಬಳಯ್ಯ, ಹೆಗಲ ಮೇಲೆ ಕರೀ ಕಂಬಳಿ, ಮುಖದ ತುಂಬ ಮೀಸೆ, ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತ ಕೂತಿದ್ದರು. ನನ್ನನ್ನು ಕಂಡು ಕಳ್ಳನಂತೆ ಎದ್ದು ನಿಂತರು. "ಬೈಬ್ಯಾಡ ಕಣಮ್ಮ. ನೀನೇ ಗುಮ್ಮನಾ ಅಂತು, ಇಲ್ಲ ಅಂದೆ. ಅಂಗಾರೆ ಮ್ಯಾಕೆ ಹತ್ತಿ ಹುಡುಕ್ತೀನಿ ಅಂತ ಎದ್ಬುಡ್ತು. ಅದಕ್ಕೇ ಹೂಂ ಕಣವ್ವ, ನಾನೇ ಅಂದ್ಬುಟ್ಟೆ. ತಿಂದ್ರೇನೇ ನಂಬ್ತೀನಿ ಅಂತ ಕುಂತ್ಕತು, ಏನ್ಮಾಡ್ಲಿ" ಎಂದರು. ನಾನು ಮಗಳ ಬೆನ್ನಿಗೆ ಮೊದಲು ಒಂದು ಕೊಟ್ಟೆ, ಆಮೇಲೆ ಅಪ್ಪಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಮೇಕೆಗಳೆಲ್ಲ ಮೇಯುವುದನ್ನು ಬಿಟ್ಟು ನೋಡುವಂತೆ ಅತ್ತುಬಿಟ್ಟೆ. ಅವಳು ನನ್ನ ಕೊರಳಿನ ಟೇಪಿನಿಂದಲೇ ನನ್ನ ಮೂಗು ಒರೆಸಿದಳು.

ಆದ್ದರಿಂದ, ಮಾನ್ಯರೇ, ತಮ್ಮನ್ನು ಅಭಿನಂದಿಸುವುದು ನನ್ನ ಕರ್ತವ್ಯ. ಇಷ್ಟು ದಿನ ತಾವು ಯಾರನ್ನೂ ಹೆದರಿಸಲಿಲ್ಲವೆಂದು ಗೊಣಗುತ್ತಿದ್ದೆ. ಕೊನೆಗೂ ಹೆದರಿಸಿದಿರಿ, ಚೆನ್ನಾಗಿಯೇ ಹೆದರಿಸಿದಿರಿ, ಸ್ವಲ್ಪ ವಿಳಾಸ ತಪ್ಪಿತು ಅಷ್ಟೇ. ಈಗಲೂ ಮಿಷನ್ ತುಳಿಯುವಾಗ ನಾಲ್ಕು ಹೊಲಿಗೆಗೊಮ್ಮೆ ತಲೆ ಎತ್ತಿ ಬಾಗಿಲು ನೋಡುತ್ತೇನೆ.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ತಾವು ದಯಮಾಡಿ ನಮ್ಮ ಮನೆಯ ಸೇವೆಯಿಂದ ಸ್ವಯಂ ನಿವೃತ್ತಿ ಪಡೆಯಬೇಕು. ವಳ್ಳೂರಿನ ಬೂಚೋಡು ಅವರಿಗೂ ಇದರ ಒಂದು ಪ್ರತಿ ಮುಟ್ಟಿಸಬೇಕು. ಹೋಗುವ ಮುನ್ನ ಅಟ್ಟದ ಮೇಲಿನ ಹಳೇ ತೊಟ್ಟಿಲನ್ನು ಕೆಳಗಿಳಿಸಿಕೊಟ್ಟರೆ ಉಪಕಾರ. ಅದನ್ನು ಯಜಮಾನರಿಗೆ ಹೇಳಿ ಹೇಳಿ ಒಂದು ವರ್ಷವಾಯಿತು. ಹೆದರಿಸುವ ಅಭ್ಯಾಸ ಬಿಡಲಾಗದಿದ್ದರೆ ವ್ಯಾನಿನವನ ಹಾರ್ನಿನೊಳಗೆ ಹೋಗಿ ಕೂರಬಹುದು. ಇಲ್ಲವೇ ಆ ಬಾವಿಗೆ ಬೇಲಿ ಹಾಕಿಸಬೇಕಾದವರ ಕುರ್ಚಿಯ ಕೆಳಗೆ ಜಾಗವಿರುತ್ತದೆ, ಕುರ್ಚಿಯ ಮೇಲಂತೂ ಯಾರೂ ಇರುವುದಿಲ್ಲ.

ನಮ್ಮ ಮನೆಯಲ್ಲಿ ಈಗ ತಮ್ಮ ಹೆಸರೆತ್ತುವುದು ನಿಷಿದ್ಧವಾಗಿದ್ದು, ಈ ನಿಯಮವನ್ನು ಅತ್ತೆಯೂ ಹಲ್ಲು ಕಚ್ಚಿಕೊಂಡು ಪಾಲಿಸುತ್ತಿದ್ದಾರೆ. ಒಬ್ಬಳು ಮಾತ್ರ ಪಾಲಿಸುವುದಿಲ್ಲ. ನಿನ್ನೆ ಬೆಳಿಗ್ಗೆ, ಅದೇ ಕುಕ್ಕರ್, ಅದೇ ಹಾರ್ನ್, ಅದೇ ಟವೆಲಿನ ನಡುವೆ, ಕೆನ್ನೆಯಲ್ಲಿ ತುತ್ತಿಟ್ಟುಕೊಂಡ ಮಗಳ ಮೇಲೆ ನನ್ನ ಧ್ವನಿ ಏರಿತು. ಅವಳು ನಿಧಾನವಾಗಿ ತುತ್ತು ನುಂಗಿ, ಬೆರಳೆತ್ತಿ, "ನೋಡಮ್ಮ, ಕಿರುಚಿದ್ರೆ ಗುಮ್ಮನ ತಾವ ಹೊಂಟೋಗ್ಬುಡ್ತೀನಿ" ಎಂದಳು. ನಾನು ಬಾಯಿ ಮುಚ್ಚಿಕೊಂಡು ಇನ್ನೊಂದು ಜಡೆ ಹಾಕಿದೆ.

ಈ ಮನೆಯಲ್ಲಿ ತಮಗೆ ಹೆದರುವ ಏಕೈಕ ವ್ಯಕ್ತಿಯೂ,
ತಮ್ಮ ವಿಶ್ವಾಸಿಯೂ ಆದ,
ಸರ್ವಮಂಗಳಾ

ಮರೆತ ಮಾತು: ಹಸಿರು ಮುಚ್ಚಳದ ಡಬ್ಬಿಯನ್ನು ಓಬಳಯ್ಯನವರು ತೊಳೆದು, ಒಳಗೆ ನಾಲ್ಕು ಸೀತಾಫಲವಿಟ್ಟು ವಾಪಸ್ ಕಳಿಸಿದ್ದಾರೆ. ಮಗಳು ಎರಡನ್ನು ಯಾರೂ ಹೇಳದೆಯೇ ತಿಂದಳು. ಮೂರು ತಲೆಮಾರು ನಮ್ಮ ಮುದ್ದೆಯ ಮೇಲೆ ಕಣ್ಣಿಟ್ಟಿದ್ದ ತಮ್ಮಿಂದ ಇಂದಿನವರೆಗೆ ಒಂದು ಸೀತಾಫಲದ ಬೀಜವೂ ಬಂದಿಲ್ಲ ಎಂಬುದನ್ನು ನಿವೃತ್ತಿಯ ಹೊತ್ತಿನಲ್ಲಿ ತಾವು ಸ್ವಲ್ಪ ಯೋಚಿಸಬೇಕು.