ಅತ್ತೆಯ ಪರೀಕ್ಷೆ ಕಂಪ್ಯೂಟರಿಗೆ ಏರಿದ್ದು

ನಮ್ಮ ಅತ್ತೆಯ ಎದುರು ಆಕಳಿಸುವುದು ಅಪಾಯದ ಕೆಲಸವಾಗಿತ್ತು. ಭದ್ರಾವತಿಯ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಅವರು, ಆಕಳಿಸಿದವರ ಕೈಗೆ ತಕ್ಷಣ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟುಬಿಡುತ್ತಿದ್ದರು. ಹಾಳೆಯ ತುಂಬ ಅಕ್ಷರಗಳು. 'ರ' ಕಂಡಲ್ಲೆಲ್ಲ ಗೀಟು ಹಾಕಬೇಕು. ಎಷ್ಟು ಬಿಟ್ಟಿರೋ ನಿಮ್ಮ ಗಮನ ಅಷ್ಟು ಕಮ್ಮಿ! ನನ್ನ ತಂಗಿಯನ್ನು ನೋಡಲು ಬಂದ ಹುಡುಗನ ಅಪ್ಪನಿಗೂ ಉಪ್ಪಿಟ್ಟಿನ ಜೊತೆಗೇ ಹಾಳೆ ಹೋಯಿತು. ಆತ ಎರಡು ಸಾಲನ್ನೇ ಹಾರಿಸಿದರು. ಒಳ್ಳೇ ಸಂಬಂಧ, ವರದಕ್ಷಿಣೆ ಕೇಳುವುದನ್ನೂ ಮರೆಯುತ್ತಾರೆ ಎಂದು ಅತ್ತೆ ಅವರೆದುರೇ ಹೇಳಿದರು. ಸಂಬಂಧ ಅಲ್ಲಿಗೇ ನಿಂತಿತು.

ಶಿವಮೊಗ್ಗಕ್ಕೆ ಇಂಟರ್ನೆಟ್ ಬಂದದ್ದೇ ತಡ, ಅತ್ತೆ ಈ ಪರೀಕ್ಷೆಯನ್ನು ಅದಕ್ಕೇರಿಸುವ ಹಟ ಹಿಡಿದರು. ಅಲ್ಲಿನ ರವೀಂದ್ರನಗರದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದ ನಾನಲ್ಲದೆ ಇನ್ಯಾರು ಸಿಗಬೇಕು?

"ಪೇಪರಲ್ಲಿ ಬಂದಷ್ಟೇ ಅಂಕ ಅದೇ ಮನುಷ್ಯಂಗೆ ಕಂಪ್ಯೂಟರಲ್ಲೂ ಬರ್ಬೇಕು. ಇಲ್ದಿದ್ರೆ ನಾವು ಅಳೀತಿರೋದು ಗಮನ ಅಲ್ಲ ಮಾರಾಯ, ನಿನ್ನ ಮೌಸು," ಎಂದು ಅತ್ತೆ ಮೊದಲೇ ಹೇಳಿಬಿಟ್ಟರು.

ಹೋಲಿಸಿ ನೋಡಲು ಭದ್ರಾವತಿಯ ಜನ್ನಾಪುರದ ಮನೆಯಿಂದ ತಮ್ಮ ಗಂಡನನ್ನೇ, ಅಂದರೆ ನಮ್ಮ ಮಾವನನ್ನೇ, ಬಸ್ಸು ಹತ್ತಿಸಿ ತಂದರು. ಮಾವ ಕಾರ್ಖಾನೆಯಲ್ಲಿ ಎರಕದ ತುಂಡುಗಳಲ್ಲಿ ಕೂದಲೆಳೆಯಷ್ಟು ಬಿರುಕು ಹುಡುಕುತ್ತ ಆಯುಷ್ಯ ಕಳೆದವರು. ಹಿಂದೆ ಹಾಳೆಯ ಮೇಲೆ ಒಂದು 'ರ' ಕೂಡ ಬಿಟ್ಟಿರಲಿಲ್ಲ. ಪರದೆಯ ಮೇಲೆ ಅರ್ಧಕ್ಕರ್ಧ ಬಿಟ್ಟರು.

ಅತ್ತೆಯ ಬೈಗುಳ ನನಗೆ! ಮೌಸು ಬಿಗಿಯಾಗಿದೆ ಎಂದರು, ಬದಲಿಸಿದೆ. ಅಕ್ಷರ ಸಣ್ಣದು ಎಂದರು, ದೊಡ್ಡದು ಮಾಡಿದೆ. ಒಂದೊಂದು ಪರದೆಯಲ್ಲಿ ಸಾಲು ಒಂದೊಂದು ಕಡೆ ಮುರಿಯುತ್ತದೆ ಎಂದರು, ಹಾಳೆಯಲ್ಲಿದ್ದಂತೆಯೇ ನಿಲ್ಲಿಸಿದೆ. ಮೌಸು ಮುಟ್ಟದವರಿಗೆ ಕೈ ಕುದುರಲೆಂದು ಮೊದಲಿಗೊಂದು ಪುಟ ಸೇರಿಸಿದೆ. ಬರುಬರುತ್ತ ಎಲ್ಲರ ಎರಡೂ ಅಂಕಗಳು ಹೊಂದತೊಡಗಿದವು. ನನ್ನ ಅಮ್ಮನದು, ಪಕ್ಕದಂಗಡಿಯ ದರ್ಜಿಯದು ಕೂಡ. ಮಾವನದು ಮಾತ್ರ ಪ್ರತಿಸಲವೂ ಇನ್ನಷ್ಟು ಇಳಿಯಿತು.

"ಅಕ್ಷರ ಕಾಣ್ತದೆ ಮಾರಾಯ," ಎಂದು ಮಾವ ಒಮ್ಮೆ ನನಗೆ ಮೆಲ್ಲಗೆ ಹೇಳಿದರು. "ಯಾಕೆ ನೋಡ್ತಿದ್ದೆ ಅನ್ನೋದೇ ಹೋಗ್ಬಿಡ್ತದೆ."

ಮುಂದಿನ ಸಲ ಬಂದಾಗ, ಈಗ ಮಾವನಿಗೆ ಹಾಳೆಯನ್ನೇ ಕೊಟ್ಟು ನೋಡೋಣವೇ ಎಂದು ಅತ್ತೆಯನ್ನು ಕೇಳಿದೆ.

"ಪೇಪರ್ ಮುಗ್ದಿದೆ," ಎಂದರು. ತೊಡೆಯ ಮೇಲಿದ್ದ ಚೀಲದಿಂದ ಹಾಳೆಗಳ ಅಂಚು ಇಣುಕುತ್ತಿತ್ತು. ನಾನು ಕಂಪ್ಯೂಟರನ್ನೇ ಹಚ್ಚಿದೆ.

ಕೊನೆಯ ಸಲ ಬಂದಾಗ ಮಾವನಿಗೆ ಮೌಸು ಹಿಡಿಯುವುದೂ ಆಗಲಿಲ್ಲ. ಅವರು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು, ಪಕ್ಕದಲ್ಲಿ ಕೂತು ಅತ್ತೆ ಒತ್ತಿದರು. ನಡುವೆಯೇ ಮಾವನ ಬೆರಳು ನಿಂತಿತು. ಪರದೆ ಬಿಟ್ಟು ಅತ್ತೆಯ ಮುಖವನ್ನೇ ನೋಡುತ್ತ ಕೂತರು. ಸಮಯ ಮುಗಿಯಿತು. ಇನ್ನೇನು ಅಂಕ ಕಾಣಿಸಬೇಕು, ಅತ್ತೆ ಬಗ್ಗಿ ಮಾನಿಟರಿನ ಸ್ವಿಚ್ ಆರಿಸಿಬಿಟ್ಟರು.

"ಕರೆಂಟ್ ಹೋಯ್ತು ರೀ. ಬನ್ನಿ, ಬಸ್ಸಿಗೆ ಹೊತ್ತಾಯ್ತು."

ಮಾವ ತಲೆಯೆತ್ತಿದರು. ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ, ಅತ್ತೆಯ ಕೈ ಹಿಡಿದು ಎದ್ದರು.

"ಹೌದು," ಎಂದರು. "ಹೋಯ್ತು."