ಹಡಗಿನ ಡ್ರೈವರ್‌ಗೆ ಊಟ ಆಯ್ತಾ?

ನಮ್ಮ ಸೋದರತ್ತೆ ಇದುವರೆಗೆ ಸಮುದ್ರವನ್ನು ಕಂಡವರಲ್ಲ. ಆದರೆ ಸಮುದ್ರಕ್ಕೆ ಮಾತ್ರ ಅವರ ಪರಿಚಯ ಚೆನ್ನಾಗಿಯೇ ಆಗಿದೆ ಎಂದು ನನ್ನ ಗುಮಾನಿ! ಇಲ್ಲದಿದ್ದರೆ, ಚೀನಾದಿಂದ ಹೊರಟ ಹಡಗಿನ ಕ್ಯಾಪ್ಟನ್ನನ ಮೊಬೈಲ್ ನಂಬರು ಈಗಿಂದೀಗಲೇ ಬೇಕೆಂದು ಶಿವಾರಪಟ್ಟಣದ ಜಗುಲಿಯ ಮೇಲೆ ಕೂತು ಹಟ ಹಿಡಿಯುವ ಧೈರ್ಯ ಇನ್ನಾರಿಗೆ ಬಂದೀತು, ನೀವೇ ಹೇಳಿ?

ಶಿವಾರಪಟ್ಟಣ ಗೊತ್ತಲ್ಲ, ಮಾಲೂರು ತಾಲ್ಲೂಕಿನಲ್ಲಿ ಕಲ್ಲಿನ ವಿಗ್ರಹಗಳಿಗೆ ಹೆಸರಾದ ಊರು. ಮಾವ ಅಲ್ಲಿನ ಶಿಲ್ಪಿ. ಕಲ್ಲಿನೊಳಗಿಂದ ದೇವರನ್ನು ಹೊರಗೆ ತರುವುದು ಮಾವನ ಕೆಲಸ. ಹಾಗೆ ಹೊರಬಂದ ದೇವರನ್ನು ಹುಲ್ಲಿನಲ್ಲಿ ಸುತ್ತಿ, ಲಾರಿ ಹತ್ತಿಸಿ, ದೂರದ ಊರಿನ ಗುಡಿಗೆ ತಲುಪಿಸುವುದು ಅತ್ತೆಯ ಇಲಾಖೆ. ಈ ಇಲಾಖೆಗೆ ಎರಡೇ ಕಾನೂನು. ಲೋಡ್ ಮಾಡುವ ಮುನ್ನ ವಿಗ್ರಹದ ಬೆನ್ನು ನೋಡಲೇಬೇಕು. ಮುಖವನ್ನು ಎಂಥವನೂ ಚೆನ್ನಾಗಿ ಮಾಡಿರುತ್ತಾನೆ, ಸೋಮಾರಿತನ ಕಾಣುವುದು ಬೆನ್ನಲ್ಲಿ ಎಂಬುದು ಅವರ ಸಿದ್ಧಾಂತ. ಇನ್ನೊಂದು, ಡ್ರೈವರ್ ನಂಬರ್ ಬರೆದುಕೊಳ್ಳದೆ ಲಾರಿ ಕದಲಬಾರದು. ಆಮೇಲೆ ದಾರಿಯುದ್ದಕ್ಕೂ ಆ ಡ್ರೈವರಿಗೆ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳುತ್ತಿರಬೇಕು.

“ಯಾಕತ್ತೆ, ಅವನ ಊಟದ ಚಿಂತೆ ನಿಮಗ್ಯಾಕೆ?” ಎಂದು ಒಮ್ಮೆ ಕೇಳಿದ್ದೆ.

“ಹಸಿದಿರೋ ಡ್ರೈವರು ಹಂಪ್ ನೋಡಲ್ಲ ಕಣೋ. ಹಂಪ್ ನೋಡ್ದೆ ಹಾರ್ಸಿದ್ರೆ ದೇವರ ಮೂಗು ಹೋಗ್ತದೆ!”

ಮಾತು ಸುಳ್ಳಲ್ಲ. ಅವರು ಕಳಿಸಿದ ದೇವರುಗಳ ಪೈಕಿ ಒಂದರ ಮೂಗೂ ಇದುವರೆಗೆ ಹೋಗಿರಲಿಲ್ಲ.

ಹೀಗಿರುವಾಗ ಮಾವನಿಗೆ ಕೆಮ್ಮು ಹತ್ತಿಕೊಂಡಿತು. ಜೀವಮಾನವಿಡೀ ಕುಡಿದ ಕಲ್ಲಿನ ಧೂಳು ಎದೆಯಲ್ಲಿ ಕೂತುಬಿಟ್ಟಿತ್ತು. “ಇನ್ನು ಧೂಳಿಗೆ ಇಳಿದರೆ ನನ್ನ ಹತ್ತಿರ ಬರಬೇಡಿ” ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಶೆಡ್ಡಿನಲ್ಲಿ ಅಮ್ಮನವರ ವಿಗ್ರಹವೊಂದು ಮುಗಿಯುತ್ತ ಬಂದಿತ್ತು, ಕಣ್ಣು ಮಾತ್ರ ಬಾಕಿ. ಬೇರೆ ಶಿಲ್ಪಿಗಳು ತಾವು ಮಾಡಿಕೊಡುತ್ತೇವೆ ಎಂದು ಬಂದರು. ಮಾವ ಒಪ್ಪಲಿಲ್ಲ, ತಾನೂ ಕೂರುವಂತಿಲ್ಲ. ದಿನವಿಡೀ ಜಗುಲಿಯಲ್ಲಿ ಕೂತು ಶೆಡ್ಡಿನ ಬಾಗಿಲು ನೋಡುವುದು, ಊಟಕ್ಕೆ ಕರೆದರೆ ಅರ್ಧ ಮುದ್ದೆ ಮುರಿದು ತಟ್ಟೆ ಸರಿಸುವುದು. “ಕೆಲಸ ಇಲ್ದೋನಿಗೆ ಇಷ್ಟು ಸಾಕು” ಎನ್ನುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು.

ಅತ್ತೆ ಸುಮ್ಮನೆ ಅಳುತ್ತ ಕೂರುವವರೇ? ಮೊಬೈಲಿನಲ್ಲಿ ಹುಡುಕಿ ಹುಡುಕಿ ಚೀನಾದ ಒಂದು ಯಂತ್ರವನ್ನು ಪತ್ತೆ ಹಚ್ಚಿದರು. ಆನೆಯ ಸೊಂಡಿಲಿನಂಥ ಕೊಳವೆ, ಉಳಿಯ ಪಕ್ಕದಲ್ಲೇ ಇಟ್ಟರೆ ಧೂಳು ಏಳುವ ಮೊದಲೇ ಎಳೆದುಕೊಳ್ಳುತ್ತದೆ. ಇಲ್ಲಿ ಸಿಗುತ್ತಿದ್ದವೆಲ್ಲ ದೊಡ್ಡ ಕಾರ್ಖಾನೆಗೆ ಹೇಳಿಮಾಡಿಸಿದ ಭೂತಗಳು, ನಮ್ಮ ಶೆಡ್ಡಿಗೆ ಹಿಡಿಯುವಂಥವಲ್ಲ. ತಮ್ಮ ಬೀದಿಯ ಇನ್ನೂ ಐದು ಶಿಲ್ಪಿಗಳ ಮನೆಯವರನ್ನು ಒಪ್ಪಿಸಿದರು. ಒಟ್ಟು ಆರು ಯಂತ್ರ. ತರಿಸುವ ಜವಾಬ್ದಾರಿ ಯಾರದು? ನನ್ನದು! ನಾನು ನರಸಾಪುರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಹೊರದೇಶದ ಪೆಟ್ಟಿಗೆ ಬಂದರೆ ಬಿಚ್ಚಿಸಿ ಎಣಿಸುತ್ತೇನೆ, ಅಷ್ಟೇ.

“ಬಿಚ್ಚೋನಿಗೆ ತರ್ಸೋದು ಗೊತ್ತಿರಲ್ವೇನ್ಲಾ?” ಎಂದುಬಿಟ್ಟರು ಅತ್ತೆ.

ಆಮದಿಗೆ ಬೇಕಾದ ಕಾಗದಪತ್ರ ಮಾಡಿಸಿದೆ, ಚೆನ್ನೈನಲ್ಲಿ ಒಬ್ಬ ಸಾಗಣೆ ಏಜೆಂಟನ್ನು ಹಿಡಿದೆ. ಚೀನಾದ ಕಂಪನಿಯಲ್ಲಿ ನಮ್ಮ ಜೊತೆ ವ್ಯವಹರಿಸುತ್ತಿದ್ದವಳು ಒಬ್ಬ ಹುಡುಗಿ. ನಾವು ಕನ್ನಡದಲ್ಲಿ ಹೇಳಿದ್ದನ್ನು ಅವಳ ಭಾಷೆಗೆ ತಿರುಗಿಸುವ ಆ್ಯಪನ್ನು ಅತ್ತೆಯ ಮೊಬೈಲಿಗೆ ಹಾಕಿಕೊಟ್ಟು, ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಬರೆದುಕೊಟ್ಟೆ. ಬೆಲೆ, ತೂಕ, ಯಾವ ಬಂದರು, ಯಾವತ್ತು ಲೋಡಿಂಗ್. ಅತ್ತೆ ಚೀಟಿಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮೊಬೈಲಿಗೆ ಬಾಯಿ ಹಚ್ಚಿ ಮೊದಲ ಮಾತೇ ಕೇಳಿದರು:

“ಊಟ ಆಯ್ತೇನಮ್ಮಾ?”

ನಾನು ಹಣೆ ಚಚ್ಚಿಕೊಂಡೆ. ಆದರೆ ಉತ್ತರ ಬಂತು! “ಆಯಿತು. ನೀವು ಊಟ ಮಾಡಿದಿರಾ?” ಆಮೇಲೆ ತಿಳಿಯಿತು, ಅವರ ಕಡೆಯೂ ಎದುರಿಗೆ ಸಿಕ್ಕವರನ್ನು ಹೀಗೆಯೇ ಮಾತಾಡಿಸುವ ವಾಡಿಕೆ ಇದೆಯಂತೆ.

“ನೋಡ್ದಾ? ನಿಮ್ಮ ಕಂಪನಿಯೋರ ತರ ಅಲ್ಲ, ಮನುಷ್ಯರು ಕಣೋ!” ಅತ್ತೆ ಗೆದ್ದರು. ಅಂದಿನಿಂದ ದಿನಕ್ಕೊಂದು ಸಲ ಆ ಕಡೆಯಿಂದ ಅದೇ ಪ್ರಶ್ನೆ, ಈ ಕಡೆಯಿಂದ ಅದೇ ಉತ್ತರ. “ನಂದು ಆಯ್ತಮ್ಮ. ನಮ್ಮ ಯಜಮಾನ್ರದು ಅರ್ಧ.” ಹಡಗು ಹತ್ತುವ ಸರಕಿಗೂ ಮಾವನ ಅರ್ಧ ಊಟಕ್ಕೂ ಏನು ಸಂಬಂಧ? ಮೊಬೈಲ್ ಚಾರ್ಜ್ ದಂಡ ಎಂದು ನಾನು ಬಸ್ಸಿನಲ್ಲಿ ಸ್ನೇಹಿತರ ಮುಂದೆ ಆಡಿಕೊಂಡು ನಕ್ಕಿದ್ದೇನೆ.

ಲೋಡಿಂಗಿನ ಹಿಂದಿನ ದಿನ ಆ ಹುಡುಗಿ ಆರು ಮರದ ಪೆಟ್ಟಿಗೆಗಳ ಫೋಟೋ ಕಳಿಸಿದಳು. ಸಾಲಾಗಿ ನಿಂತಿದ್ದವು, ಲಕ್ಷಣವಾಗಿದ್ದವು. ನಾನು ಸರಿ ಎಂದೆ. ಅತ್ತೆ ಸರಿ ಎನ್ನಲಿಲ್ಲ.

“ಬೆನ್ನು ತೋರಿಸಮ್ಮಾ.”

“ಅತ್ತೆ, ಅದು ಪೆಟ್ಟಿಗೆ! ಪೆಟ್ಟಿಗೆಗೆ ಬೆನ್ನು ಎಲ್ಲಿಂದ ಬರಬೇಕು?”

“ಮುಖ ಇದ್ಮೇಲೆ ಬೆನ್ನೂ ಇರ್ತದೆ, ಸುಮ್ನಿರು.”

ಪಾಪ, ಆ ಹುಡುಗಿ ಒಂದೊಂದೇ ಪೆಟ್ಟಿಗೆಯ ಸುತ್ತ ತಿರುಗಿ ಫೋಟೋ ತೆಗೆದು ಕಳಿಸಿದಳು. ನೋಡುತ್ತ ಹೋದೆ, ಆರನೆಯದಕ್ಕೆ ಬಂದಾಗ ಫೋಟೋವನ್ನು ಹಿಗ್ಗಿಸಿ ಮತ್ತೆ ನೋಡಿದೆ. ಹೊರದೇಶದಿಂದ ಬರುವ ಮರದ ಪೆಟ್ಟಿಗೆಯನ್ನು ಹುಳು ಸಾಯುವಂತೆ ಕಾಯಿಸಿ ಮೇಲೊಂದು ಮುದ್ರೆ ಒತ್ತಿರಬೇಕು. ಮುದ್ರೆ ಇಲ್ಲದ್ದು ಬಂದರಿನಲ್ಲೇ ಕೂರುತ್ತದೆ, ಒಂದರ ದೆಸೆಯಿಂದ ಆರೂ ಕೂರುತ್ತವೆ. ಆರನೆಯದರ ಮೇಲೆ ಯಾವ ಕಡೆಯೂ ಮುದ್ರೆ ಇರಲಿಲ್ಲ! ಹೇಳಿದ ತಕ್ಷಣ ಆ ಹುಡುಗಿ ಪೆಟ್ಟಿಗೆ ಬದಲು ಮಾಡಿಸಿ, ಹೊಸದರ ಮುಖ, ಬೆನ್ನು, ಪಕ್ಕ, ಕೊನೆಗೆ ತಳವನ್ನೂ ಸೇರಿಸಿ ಫೋಟೋ ಕಳಿಸಿದಳು. ಅವಳಿಗೂ ಇಲಾಖೆಯ ಕಾನೂನು ಅರ್ಥವಾಗಿತ್ತು.

ಚೆನ್ನೈ ಏಜೆಂಟ್ ಫೋನಿನಲ್ಲಿ ಕೇಳಿದ, “ಸಾರ್, ಅಲ್ಲಿ ನಿಮ್ಮ ಕಡೆ ಇನ್ಸ್‌ಪೆಕ್ಷನ್ ಮಾಡಿದ್ದು ಯಾವ ಏಜೆನ್ಸಿ?” ಏಜೆನ್ಸಿ ಆಗ ಅವರೆಕಾಯಿ ಸುಲಿಯುತ್ತಿತ್ತು.

ಹಡಗು ಹೊರಟಿತು. ಶುರುವಾಯಿತು ನೋಡಿ ನಂಬರಿನ ರಗಳೆ! ಏಜೆಂಟನಿಗೆ ಅತ್ತೆಯೇ ಫೋನ್ ಹಚ್ಚಿದರು. ಅವನಿಗೆ ತೆಲುಗು ಬರುತ್ತಿದ್ದುದರಿಂದ ತೆಲುಗಿನಲ್ಲೇ ಡ್ರೈವರ್ ನಂಬರ್ ಕೇಳಿದರು. ಹಡಗಿಗೆ ಡ್ರೈವರ್ ಇರಲ್ಲಮ್ಮಾ, ಕ್ಯಾಪ್ಟನ್ ಇರ್ತಾರೆ ಎಂದು ಅವನು ವಿನಯದಿಂದ ತಿದ್ದಿದ. ಕ್ಯಾಪ್ಟನ್ ಆದ್ರೆ ಊಟ ಮಾಡಲ್ವಾ ಎಂದು ಅತ್ತೆ ಕೇಳಿದರು. ಅವನು ಸೋತು, ಹಡಗು ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸುವ ಒಂದು ಲಿಂಕ್ ಕಳಿಸಿ ತಪ್ಪಿಸಿಕೊಂಡ. ಆ ನೀಲಿ ನೀರಿನ ಮೇಲಿನ ಚುಕ್ಕೆಯನ್ನು ಅತ್ತೆ ಹೊತ್ತುಹೊತ್ತಿಗೆ ನೋಡತೊಡಗಿದರು. ಒಂದು ದಿನ ನಾನು ಶಿಫ್ಟಿನಲ್ಲಿರುವಾಗಲೇ ಫೋನ್ ಬಂತು.

“ಲೇ, ಸಿಂಗಾಪುರ್ ಹತ್ರ ನಿಂತ್ಬಿಟ್ಟವ್ನೆ! ಪಂಕ್ಚರ್ ಆಗೈತೇನೋ?”

“ಹಡಗಿಗೆ ಟಯರ್ ಎಲ್ಲಿರ್ತದೆ ಅತ್ತೆ! ಅಲ್ಲಿ ಸರಕನ್ನ ಬೇರೆ ಹಡಗಿಗೆ ಹಾಕ್ತಾರೆ.”

“ಹೌದಾ” ಎಂದರು ಅತ್ತೆ. ಅರ್ಥವಾಯಿತೆಂದು ನಾನು ನಿಟ್ಟುಸಿರು ಬಿಟ್ಟೆ.

“ಹಂಗಾದ್ರೆ ಹೊಸ ಡ್ರೈವರ್ ನಂಬರ್ ತಗೋ.”

ಅಂತೂ ಪೆಟ್ಟಿಗೆಗಳು ಚೆನ್ನೈ ತಲುಪಿದವು. ಮುದ್ರೆ, ಕಾಗದ ಎಲ್ಲವೂ ಸರಿಯಿದ್ದು ಎಲ್ಲೂ ನಿಲ್ಲದೆ ಬಂದರಿನಿಂದ ಹೊರಬಿದ್ದು ಲಾರಿ ಹತ್ತಿದವು. ಲಾರಿ ಎಂದ ಮೇಲೆ ಡ್ರೈವರ್, ಡ್ರೈವರ್ ಎಂದ ಮೇಲೆ ನಂಬರ್! ಅಷ್ಟು ದಿನ ಕಟ್ಟಿ ಹಾಕಿದ್ದ ಅತ್ತೆಯ ಮಮತೆಯೆಲ್ಲ ಆ ಒಬ್ಬ ಚಿತ್ತೂರಿನ ಮನುಷ್ಯನ ಮೇಲೆ ಹರಿಯಿತು. ಫೋನಿನಲ್ಲಿ ಕೇಳಿ ತೃಪ್ತಿಯಾಗದೆ, ಬುತ್ತಿ ಕಟ್ಟಿಕೊಂಡು, ನನ್ನ ಬೈಕಿನ ಹಿಂದೆ ಕೂತು ಮುಳಬಾಗಿಲಿನವರೆಗೆ ಬಂದು ಹೈವೇ ಪಕ್ಕ ನಿಂತರು. ಲಾರಿ ನಿಂತದ್ದೇ, “ಅನ್ನಂ ತಿಂಟಿವಾ ನಾಯನಾ?” ಎಂದು ತೆಲುಗಿನಲ್ಲೂ ಅದನ್ನೇ ಕೇಳಿದರು. ಅವನು ತಿಂದಾಗಿದೆ ಎಂದ. ಹಾಗೆ ಹೇಳಿದವನನ್ನು ಅತ್ತೆ ಬಿಟ್ಟ ದಾಖಲೆ ಇಲ್ಲ. ಮುದ್ದೆ, ಅವರೆಕಾಳಿನ ಸಾರು ಮುಗಿಸಿಯೇ ಅವನು ಗೇರ್ ಹಾಕಿದ್ದು. ಅತ್ತೆ ಕ್ಯಾಬಿನ್ನಿನಲ್ಲಿ ಅವನ ಪಕ್ಕದಲ್ಲೇ ಕೂತು ಹಂಪ್ ಬಂದಾಗೆಲ್ಲ ಎಚ್ಚರಿಸುತ್ತ ಊರಿಗೆ ಬಂದರು. ಲಾರಿ ಬೀದಿಗೆ ತಿರುಗಿದಾಗ ಐದೂ ಮನೆಯವರು ಉಳಿ ಕೆಳಗಿಟ್ಟು ಎದ್ದು ನಿಂತಿದ್ದರು. ಅತ್ತೆ ಇಳಿದ ಗತ್ತು ನೋಡಬೇಕಿತ್ತು, ಹಡಗನ್ನೇ ನಡೆಸಿಕೊಂಡು ಬಂದವರಂತೆ!

ಯಂತ್ರ ಜೋಡಿಸಿದೆವು. ಡಾಕ್ಟರನ್ನು ಮತ್ತೆ ಕೇಳಿದೆವು. ಮೂಗಿಗೆ ಮಾಸ್ಕ್ ಹಾಕಿಕೊಂಡು, ಯಂತ್ರ ಪಕ್ಕದಲ್ಲಿಟ್ಟುಕೊಂಡು, ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಎಂದು ಒಪ್ಪಿದರು. ಮಾವ ಎಷ್ಟೋ ತಿಂಗಳ ಮೇಲೆ ಅಮ್ಮನವರ ಎದುರು ಕೂತರು. ಸೊಂಡಿಲು ಗುಂಯ್‌ಗುಟ್ಟಿತು. ಸಣ್ಣ ಉಳಿ ಕಣ್ಣಿನ ಅಂಚಿಗೆ ತಾಗಿತು. ಏಳಬೇಕಿದ್ದ ಬಿಳಿ ಧೂಳು ಏಳಲೇ ಇಲ್ಲ, ನೇರ ಕೊಳವೆಗೆ ಹೋಯಿತು. ನಾವೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ಅತ್ತೆ ಮಾತ್ರ ಅತ್ತ ತಿರುಗಿಯೂ ನೋಡದೆ ಅಂಗಳದಲ್ಲಿ ಪೆಟ್ಟಿಗೆಯ ಮೊಳೆ ಆರಿಸುತ್ತಿದ್ದರು. ಮೂರು ದಿನ ಹೀಗೆಯೇ ಸ್ವಲ್ಪಸ್ವಲ್ಪ ಕೂತು ಮಾವ ಎರಡೂ ಕಣ್ಣು ಬಿಡಿಸಿದರು. ನಾನು ಅಂಥ ಶಾಂತವಾದ ಕಣ್ಣು ಇನ್ನೆಲ್ಲೂ ನೋಡಿಲ್ಲ.

ಆ ಮಧ್ಯಾಹ್ನ ಮಾವ ಕೈ ತೊಳೆದು ಊಟಕ್ಕೆ ಕೂತರು. ಅತ್ತೆ ಬಡಿಸಿ ಗೋಡೆಗೆ ಒರಗಿ ನಿಂತರು. ಮಾವ ಅರ್ಧ ಮುದ್ದೆ ಮುಗಿಸಿದರು. ಅತ್ತೆಯ ಕಣ್ಣು ತಟ್ಟೆಯ ಮೇಲೆಯೇ ಇತ್ತು. ಮಾವ ತಟ್ಟೆ ಸರಿಸಲಿಲ್ಲ. ಉಳಿದರ್ಧವನ್ನೂ ಮುಗಿಸಿ, ಬೆರಳು ನೆಕ್ಕಿ, ತಲೆಯೆತ್ತಿ ಕೇಳಿದರು:

“ಇನ್ನೊಂದು ಮುದ್ದೆ ಐತೇನೇ?”

ಅತ್ತೆ ಬಡಿಸಿದರು. ಆಮೇಲೆ ಅಡುಗೆಮನೆಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಆ ಹುಡುಗಿಯ ಅಂದಿನ ಪ್ರಶ್ನೆ ಆಗಲೇ ಬಂದು ಕೂತಿತ್ತು. ದಿನಾ ತಾವೇ ಮಾತಾಡಿ ಕಳಿಸುತ್ತಿದ್ದ ಅತ್ತೆ ಅಂದು ಮೊಬೈಲಿಗೆ ಬಾಯಿ ಹಚ್ಚಲಿಲ್ಲ. ಇಷ್ಟು ದಿನ ನಾನು ನಕ್ಕದ್ದು ಯಾವುದಕ್ಕೆ ಎಂದು ನನಗೆ ಆಗ ಹೊಳೆಯಿತು, ನಾಚಿಕೆಯೂ ಆಯಿತು.

“ಬರಿಯೋ,” ಎಂದರು ಅತ್ತೆ ಮೆಲ್ಲಗೆ. “ನಮ್ಮ ಯಜಮಾನ್ರದು ಪೂರ್ತಿ ಆಯ್ತು ಅಂತ ಬರಿ.”